ಇನ್ನೂರ ಹದಿನಾಲ್ಕನೆಯ ಪುಟ: ಬಾಲವಿರುವ ಅಕ್ಷರ

"ಮೂರು ಗಂಟೆಗೆ ಬಿಷ್ಕೆಕ್‌ನಿಂದ ದಾಖಲೆ ಇಲಾಖೆಯವರು ಬರ್ತಾರೆ ಎಜೆ. ಅಷ್ಟರೊಳಗೆ ಬುರುಲ್ ಇದಕ್ಕೆ ಸಹಿ ಹಾಕ್ಲೇಬೇಕು," ಎಂದು ತಾಲಾಯ್ ಒಂದು ಕಾಗದವನ್ನು ನನ್ನ ಮುಂದೆ ಸರಿಸಿದ.

ಓದಿದೆ. 'ಅನಾಥಾಲಯದ ದಾಖಲಾತಿ ಪುಸ್ತಕದಿಂದ ಇನ್ನೂರ ಹದಿನಾಲ್ಕನೆಯ ಪುಟವನ್ನು ಹರಿದವಳು ನಾನೇ. ಕಂಪ್ಯೂಟರಿನಿಂದ ಅದರ ಚಿತ್ರವನ್ನು ಅಳಿಸಿದವಳೂ ನಾನೇ.' ಕೆಳಗೆ ಸಹಿಗೆ ಜಾಗ ಬಿಟ್ಟಿದ್ದ. ಮೂವತ್ತು ವರ್ಷದ ಪೊಲೀಸ್ ನೌಕರಿಯಲ್ಲಿ ಇಷ್ಟು ಅಚ್ಚುಕಟ್ಟಾದ ತಪ್ಪೊಪ್ಪಿಗೆಯನ್ನು ನಾನು ಕಂಡಿರಲಿಲ್ಲ.

"ಹಾಕದಿದ್ರೆ?"

"ಪುಸ್ತಕಗಳನ್ನೆಲ್ಲ ಹೊತ್ಕೊಂಡು ಹೋಗ್ತಾರೆ. ಹದಿನೆಂಟು ಮಕ್ಕಳ ಕೆಲಸ ನಿಂತುಹೋಗತ್ತೆ. ಒಬ್ಬಳು ಒಪ್ಕೊಂಡ್ರೆ ಒಬ್ಬಳೇ ಹೋಗ್ತಾಳೆ."

"ಹೋಗ್ತಾಳೆ ಅಂದ್ರೆ, ಎಲ್ಲಿಗೆ?"

ತಾಲಾಯ್ ಕಿಟಕಿಯ ಕಡೆ ನೋಡಿದ. ಹೊರಗೆ ಉಲಾನ್ ಎಂಬ ನಮ್ಮೂರ ಬಿರುಗಾಳಿ ಹಳೆಯ ಮೀನು ಕಾರ್ಖಾನೆಯ ತಗಡನ್ನು ಬಡಿಯುತ್ತಿತ್ತು. ಕಂಪನಿಯ ಕೆಲಸ ಹೋದರೆ ಕಂಪನಿಯ ವಸತಿಯ ಮಂಚವೂ ಹೋಗುತ್ತದೆ. ಬುರುಲ್‌ಗೆ ಹತ್ತೊಂಬತ್ತು ವರ್ಷ. ಆ ಮಂಚ ಬಿಟ್ಟರೆ ಅವಳಿಗೆ ಈ ಭೂಮಿಯ ಮೇಲೆ ಬೇರೆ ವಿಳಾಸವಿಲ್ಲ.

ತಾಲಾಯ್ ಕೆಟ್ಟವನಲ್ಲ. ಹದಿನೆಂಟು ತುಂಬಿದ ಕೂಡಲೇ ಅನಾಥಾಲಯಗಳು ಹೊರಗೆ ಬಿಡುವ ಮಕ್ಕಳನ್ನು ಕರೆತಂದು, ಕಂಪ್ಯೂಟರ್ ಕಲಿಸಿ, ಕೆಲಸ ಕೊಡಲು ಐದು ವರ್ಷದ ಹಿಂದೆ ಈ ಕಂಪನಿ ಕಟ್ಟಿದ. ಹೆಸರು ಉಯುತ್ಕು. ಅಂದರೆ ಹೆಪ್ಪು. ಒಂದು ಚಮಚ ಹೆಪ್ಪು ಸಾಕು, ಒಂದು ಕೊಡ ಹಾಲು ಗಟ್ಟಿಯಾಗುತ್ತದೆ ಎಂದು ಬಂದವರಿಗೆಲ್ಲ ಭಾಷಣ ಬಿಗಿಯುತ್ತಾನೆ. ಒಂದು ಕೋಣೆಯ ಮಕ್ಕಳು ರಸ್ತೆಯ ಚಿತ್ರಗಳಲ್ಲಿ ಹಸು ಯಾವುದು, ಲಾರಿ ಯಾವುದು ಎಂದು ಗುರುತು ಹಾಕುತ್ತಾರೆ. ಯಾವುದೋ ದೇಶದ ಚಾಲಕನಿಲ್ಲದ ಕಾರು ಅದನ್ನು ನೋಡಿ ಕಲಿಯುತ್ತದಂತೆ. ನಮ್ಮೂರಿನ ಹಸುಗಳನ್ನು ನೋಡಿ ಕಲಿತ ಕಾರು ಎಲ್ಲಿಗೂ ತಲುಪುವುದಿಲ್ಲ ಎಂದು ನಾನು ಅವನಿಗೆ ಹೇಳಿದ್ದೆ. ಇನ್ನೊಂದು ಕೋಣೆಯಲ್ಲಿ ಹಳೆಯ ದಾಖಲೆ ಪುಸ್ತಕಗಳನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತಾರೆ. ಪುಟ ಹೋದದ್ದು ಅಲ್ಲಿ, ಮಂಗಳವಾರ.

"ಹಾಗಾದ್ರೆ ಮೂರು ದಿನದಿಂದ ನನ್ನನ್ನ ಯಾಕೆ ಕರೆಸ್ತಿದೀಯ? ತೀರ್ಪು ಆಗ್ಲೇ ಟೈಪ್ ಆಗಿದೆಯಲ್ಲ."

"ಮಕ್ಕಳಿಗೆ ಕಲಿಸೋ ಜಾನ್ನಾನೇ ಹೇಳಿದ್ಲು ಎಜೆ. ಜೂರಾ ಎಜೆಯಂಥ ನೆನಪಿನ ಶಕ್ತಿ ಈ ಊರಲ್ಲಿ ಯಾರಿಗೂ ಇಲ್ಲ, ಅವರನ್ನೇ ಕರೀರಿ ಅಂತ."

ಸುಳ್ಳೇಕೆ ಹೇಳಲಿ, ಹಿಗ್ಗಿದೆ. ಪೊಲೀಸ್ ಇಲಾಖೆ ಈ ಮುದುಕಿಯನ್ನು ಮನೆಗೆ ಕಳಿಸಿ ಆರು ವರ್ಷವಾಗಿತ್ತು. ಈ ಆರು ವರ್ಷದಲ್ಲಿ ನನ್ನನ್ನು ಹೊಗಳಿದವರು ಹಲ್ಲಿನ ಡಾಕ್ಟರ್ ಒಬ್ಬರೇ.

"ಮೂರು ಗಂಟೆವರೆಗೆ ಆ ಕಾಗದ ಅವಳಿಗೆ ತೋರಿಸ್ಬೇಡ," ಎಂದು ಎದ್ದೆ. ಆಗ ಹನ್ನೊಂದು ಗಂಟೆ.

ತರಗತಿಯ ಕೊನೆಯ ಬೆಂಚಿನಲ್ಲಿ ಬುರುಲ್ ಕೋಟು ಹಾಕಿಕೊಂಡೇ ಕೂತಿದ್ದಳು. ಬೆಂಚಿನ ಕೆಳಗೆ ಅವಳ ಚೀಲ. ಪಕ್ಕದಲ್ಲೇ ಒಲೆ ಧಗಧಗ ಉರಿಯುತ್ತಿತ್ತು.

"ಕೋಟ್ ತೆಗಿ ಮಗಳೇ, ಬೆವೆತು ಹೋಗ್ತೀಯ."

"ಬೇಡ ಎಜೆ. ಮತ್ತೆ ಹಾಕ್ಕೋಬೇಕಲ್ಲ."

ಅವಳು ಅದನ್ನು ಬೇಸರದಿಂದ ಹೇಳಲಿಲ್ಲ. ಬಸ್ಸಿಗೆ ಕಾಯುವವರು ಹೇಳುವಂತೆ ಹೇಳಿದಳು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

"ಹರಿದಿದ್ದು ನೀನಾ?"

"ಕಪಾಟಿನ ಕೀಲಿ ಪುಸ್ತಕದಲ್ಲಿ ಕೊನೇ ಸಹಿ ನಂದೇ ಇದೆ."

"ಅದನ್ನ ನಾನು ಕೇಳ್ಲಿಲ್ಲ."

ಅವಳು ಕಾಲಿನಿಂದ ಚೀಲವನ್ನು ಬೆಂಚಿನ ಒಳಕ್ಕೆ ಸರಿಸಿದಳು. ಊರಿನವರೆಲ್ಲ ತೀರ್ಮಾನಿಸಿದ್ದು ಇಷ್ಟೇ: ಆ ಅನಾಥಾಲಯದಲ್ಲಿ ಇದ್ದ ಹುಡುಗಿ, ಆ ಅನಾಥಾಲಯದ ಪುಸ್ತಕ, ತನ್ನ ಪುಟ ಕಂಡಿತು, ಹರಿದುಕೊಂಡಳು. ಕೇಳಲು ಸರಿಯಾಗಿಯೇ ಇತ್ತು. ನಾನು ಕೆಲಸದ ಕ್ರಮ ಹೇಳು ಎಂದೆ. ಕೆಲಸದ ಮಾತು ಬಂದಾಗ ಅವಳು ಸ್ವಲ್ಪ ನೆಟ್ಟಗೆ ಕೂತಳು.

"ಒಂದೇ ಪುಟಾನ ಇಬ್ಬರು ಟೈಪ್ ಮಾಡ್ತೀವಿ ಎಜೆ. ಒಬ್ರು ಕಿಟಕಿ ಕಡೆ, ಒಬ್ರು ಗೋಡೆ ಕಡೆ. ಬೆನ್ನಿಗೆ ಬೆನ್ನು. ಮಾತಾಡೋ ಹಾಗಿಲ್ಲ, ತಿರುಗಿ ನೋಡೋ ಹಾಗಿಲ್ಲ. ಇಬ್ಬರದೂ ಒಂದೇ ಥರ ಬಂದ್ರೆ ಸರಿ ಅಂತ ಲೆಕ್ಕ. ಬೇರೆ ಬೇರೆ ಬಂದ್ರೆ ಮಾತ್ರ ಜಾನ್ನಾ ಎಜೆ ಪುಟ ತೆಗೆದು ನೋಡ್ತಾರೆ."

"ನೀವು ಪುಟ ಪೂರ್ತಿ ಓದಲ್ವಾ?"

"ಇಲ್ಲ. ಗುಟ್ಟಿನ ಪುಸ್ತಕ ಅಲ್ವಾ. ಕಂಪ್ಯೂಟರ್ ಒಂದೊಂದೇ ಚೌಕ ತೋರ್ಸತ್ತೆ. ಹೆಸರಿನ ಚೌಕ ಬಂದ್ರೆ ಹೆಸರು ಮಾತ್ರ. ಯಾರು, ಎಲ್ಲಿಂದ ಬಂದ್ರು, ಏನೂ ಗೊತ್ತಾಗಲ್ಲ. ಕಂಡಿದ್ದನ್ನ ಹಾಕು, ಅರ್ಥ ಹುಡುಕ್ಬೇಡ ಅಂತಾರೆ."

ನಮ್ಮ ಠಾಣೆಯಲ್ಲೂ ಇದೇ ಪಾಠ. ಕಂಡದ್ದನ್ನು ಬರೆ. ಅದನ್ನು ಮೂವತ್ತು ವರ್ಷ ಎಷ್ಟೋ ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೆ.

"ಮಂಗಳವಾರ ಗೋಡೆ ಕಡೆ ನೀನು. ಕಿಟಕಿ ಕಡೆ ಯಾರು?"

"ಅನಾರ್‌ಕುಲ್. ಕಂಪ್ಯೂಟರಲ್ಲಿ ಹಾಗೇ ಇದೆಯಲ್ಲ."

"ಕಂಪ್ಯೂಟರ್ ಮಾತು ಬಿಡು. ನಿನ್ನ ಕಿವಿಗೆ ಏನು ಕೇಳಿಸ್ತು?"

ಅವಳ ಕಿವಿ ಕೆಂಪಾಯಿತು. "ಗಾಳಿ ಜೋರಿತ್ತು ಎಜೆ. ಏನೂ ಕೇಳಿಸ್ಲಿಲ್ಲ."

ಮಂಗಳವಾರ ಗಾಳಿ ಇರಲಿಲ್ಲ. ಅಂದು ನಾನು ಕಂಬಳಿಗಳನ್ನು ಹೊರಗೆ ಒಣಹಾಕಿ, ಸಂಜೆ ಅವು ಅಲ್ಲೇ ಇದ್ದದ್ದನ್ನು ಕಂಡು ಆಶ್ಚರ್ಯಪಟ್ಟಿದ್ದೆ. ನಮ್ಮೂರು ಬಾಲಿಕ್ಚಿಯಲ್ಲಿ ಏನು ಬೇಕಾದರೂ ಸುಳ್ಳು ಹೇಳಬಹುದು, ಗಾಳಿಯ ಬಗ್ಗೆ ಹೇಳಲಾಗದು. ಈ ಹುಡುಗಿ ಯಾರನ್ನೋ ಕಾಪಾಡುತ್ತಿದ್ದಾಳೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಎದ್ದು ಗೋಡೆಯ ಕಡೆ ನಡೆದೆ. ಅಲ್ಲೊಂದು ಹಲಗೆ. ಮೇಲೆ ನಗುವ ಸೂರ್ಯನ ಚಿತ್ರ, ಅದರ ಕೆಳಗೆ 'ಈ ವಾರದ ನಮ್ಮ ತಪ್ಪುಗಳು' ಎಂಬ ತಲೆಬರಹ. ಇಬ್ಬರ ಟೈಪಿಂಗ್ ಎಲ್ಲಿ ಹೊಂದಲಿಲ್ಲವೋ ಅವುಗಳ ಪಟ್ಟಿಯನ್ನು ಪ್ರತಿ ಸಂಜೆ ಅಚ್ಚು ಹಾಕಿ ಇಲ್ಲಿ ಅಂಟಿಸುತ್ತಾರಂತೆ, ಪಾಠಕ್ಕೆ. ಮೂರು ದಿನದಿಂದ ಈ ಕೋಣೆಯಲ್ಲಿ ಓಡಾಡಿದ್ದರೂ ಮಕ್ಕಳ ಅಲಂಕಾರವೆಂದು ನಾನು ಅದನ್ನು ಓದಿರಲಿಲ್ಲ. ಮಂಗಳವಾರದ ಹಾಳೆಯಲ್ಲಿ ಮೇಲಿನಿಂದ ಐದನೆಯದು ಹೀಗಿತ್ತು:

'ಪುಟ 214, ಸಾಲು 8. ಗೋಡೆ: ಜಾನಿಲ್. ಕಿಟಕಿ: ಜಾಂಗಿಲ್.'

ಹಾಳೆ ಹರಿದುಹೋಗಿತ್ತು, ಚಿತ್ರ ಅಳಿಸಿಹೋಗಿತ್ತು, ಟೈಪ್ ಮಾಡಿದ್ದೂ ಮಾಯವಾಗಿತ್ತು. ಆ ಪುಟದಲ್ಲಿ ಸರಿಯಿದ್ದದ್ದೆಲ್ಲ ಹೋಗಿ ತಪ್ಪು ಒಂದೇ ಉಳಿದಿತ್ತು.

"ಇದ್ರಲ್ಲಿ ಸರಿ ಯಾವುದು ಮಗಳೇ?"

"ಗೋಡೇದು. ನಂದು," ಎಂದಳು. "ಬರೆದೋರು ಬಾಲ ಎಳೆದ್ರೆ 'ಙ' ಆಗೋ ನಮ್ಮ ಭಾಷೆಯ 'ನ' ಹಾಕಿರ್ಲಿಲ್ಲ, ರಷ್ಯನ್ 'ನ' ಹಾಕಿದ್ರು. ಹೆಸರು ಜಾಂಗಿಲ್ ಅಂತ ನಂಗೂ ಗೊತ್ತು. ಆದ್ರೆ ಕಂಡ ಹಾಗೇ ಹಾಕ್ಬೇಕಲ್ಲ."

"ಯಾರೋ ಸೋಮಾರಿ ಗುಮಾಸ್ತ."

"ಹೂಂ. ಒಂದು ಚಿಕ್ಕ ಬಾಲಾನೂ ಎಳೆಯೋಕಾಗದೇ ಇರೋನು."

"ಅವಸರದಲ್ಲಿ ಕಿಟಕಿಯವಳು ಬಾಲ ಹಾಕಿಬಿಟ್ಟಿರಬಹುದು."

"ಅವಸರದಲ್ಲಿ ಬಾಲ ಬಿಟ್ಟುಹೋಗತ್ತೆ ಎಜೆ, ಬರಲ್ಲ. ಅದಕ್ಕೆ ಎರಡು ಬೆರಳು ಬೇಕು. ಒಂದು ಗುಂಡಿ ಒತ್ತಿ ಹಿಡ್ಕೊಂಡು ಇನ್ನೊಂದು ಒತ್ತಬೇಕು. ಇಲ್ಲದ ಬಾಲ ಯಾರೂ ಹಾಕಲ್ಲ."

ಬೆರಳಿಗೆ ಆ ಹೆಸರು ಮೊದಲೇ ಗೊತ್ತಿದ್ದರೆ ಹಾಕುತ್ತದೆ ಎಂದು ನನ್ನ ಮನಸ್ಸಿಗೆ ಬಂತು. ಕಣ್ಣು ನೋಡುವ ಮೊದಲೇ ಬೆರಳು ಬರೆಯುವಷ್ಟು ಗೊತ್ತಿದ್ದರೆ.

"ಒಂಬತ್ತನೇ ಸಾಲು ನೆನಪಿದೆಯಾ?"

ಬುರುಲ್ ಮೊದಲ ಸಲ ನಕ್ಕಳು. "ನನ್ನ ಹೆಸರೇ ಬಂದಿತ್ತು! ಬುರುಲ್ ಅಂತ. ಖುಷಿಯಾಯ್ತು. ಹಾಕಿ ಮುಂದಕ್ಕೆ ಹೋದೆ. ಬುರುಲ್‌ಗಳು ಊರಿಗೆ ನೂರು ಜನ ಇದ್ದಾರಲ್ಲ."

ವಸತಿಯ ಅಡುಗೆಮನೆಯಲ್ಲಿ ರೈಸಾ ಪಾವ್ಲೋವ್ನಾ ಬೀಟ್‌ರೂಟ್ ಹೆಚ್ಚುತ್ತಿದ್ದಳು. ವಸತಿಯ ಮೇಲ್ವಿಚಾರಕಿ. ಮುಂಚೆ, ಈಗ ಮುಚ್ಚಿಹೋಗಿರುವ ಆ ಅನಾಥಾಲಯದಲ್ಲಿ ಚಿಕ್ಕ ಮಕ್ಕಳ ದಾದಿ. ಕಪಾಟಿನ ಇನ್ನೊಂದು ಕೀಲಿ ಅವಳ ಸೊಂಟದಲ್ಲೇ ತೂಗಾಡುತ್ತಿರುತ್ತದೆ. ಹಳೆಯ ಪುಸ್ತಕದಲ್ಲಿ ಅವಳದೇನಾದರೂ ಹುಳುಕು ಇರಬಹುದೆಂದು ಮೂರು ದಿನದಿಂದ ನನ್ನ ಅನುಮಾನ ಅವಳ ಮೇಲಿತ್ತು.

ಚಹಾ ಕೊಟ್ಟಳು, ಬಟ್ಟಲಿನ ಅಂಚಿನವರೆಗೆ ತುಂಬಿಸಿ. ನಮ್ಮಲ್ಲಿ ಬೇಕಾದವರಿಗೆ ಅರ್ಧ ಬಟ್ಟಲು ಕೊಡುತ್ತಾರೆ, ಮತ್ತೆ ಮತ್ತೆ ಬಡಿಸಬಹುದೆಂದು. ತುಂಬಿದ ಬಟ್ಟಲು ಕೊಟ್ಟರೆ ಕುಡಿದು ಜಾಗ ಖಾಲಿ ಮಾಡು ಎಂದರ್ಥ. ರೈಸಾ ರಷ್ಯನ್ನಳಾದರೂ ಐವತ್ತು ವರ್ಷ ನಮ್ಮ ನಡುವೆ ಬಾಳಿದವಳು; ತಿಳಿದೇ ತುಂಬಿಸಿದ್ದಳು. ನನಗೇನೂ ಅವಮಾನವಾಗಲಿಲ್ಲ. ಮನೆಯಲ್ಲಿ ನನ್ನ ಬಟ್ಟಲನ್ನು ನಾನೇ ತುಂಬಿಸಿಕೊಳ್ಳುತ್ತೇನೆ. ಎರಡನೆಯ ಸಲ ಬಡಿಸುವವರು ಯಾರಿದ್ದಾರೆ?

"ಬುರುಲ್‌ಗೆ ಹೆಸರಿಟ್ಟೋರು ನೀವೇ ಅಲ್ವಾ? ರೈಲ್ವೆ ಸ್ಟೇಷನ್ ಬೆಂಚಲ್ಲಿ ಸಿಕ್ಕಿದ ಮಗು ಅಂತ ಅವಳ ಫೈಲಲ್ಲಿದೆ."

"ನಾನಾ?" ರೈಸಾ ಚಾಕು ಕೆಳಗಿಟ್ಟಳು. "ನಾನು ಹೆಸರಿಟ್ಟಿದ್ದೆಲ್ಲ ವೇರಾ, ಲೂದಾ, ತಮಾರಾ. ನಿಮ್ಮ ಆ ಹೆಸರು ನನ್ನ ನಾಲಿಗೇಲಿ ಹೊರಳಲ್ಲ ತಾಯಿ. ಅದು ಹೆಸರು ಹೊತ್ಕೊಂಡೇ ಬಂತು. ಮೂರು ವರ್ಷದ್ದು. ಒಂದು ವಾರ ಬಾಗಿಲು ಹಿಡ್ಕೊಂಡು ಅತ್ತಿತ್ತು."

"ಅಮ್ಮ ಅಂತ ಅಳ್ತಿತ್ತಾ?"

"ಇಲ್ಲ. 'ಎಜೆ, ಎಜೆ' ಅಂತ. ದಾದಿಯರನ್ನೆಲ್ಲ ಎಜೆ ಅಂತಾನೇ ಕರೀತಾರಲ್ಲ ನಿಮ್ಮೋರು. ನಾವು ಹೋಗಿ ಎತ್ಕೊಳ್ತಿದ್ವಿ. ಎತ್ಕೊಂಡ್ರೆ ಇನ್ನೂ ಜೋರಾಗಿ ಕಿರುಚೋದು. ಎಂಥ ಹಟಮಾರಿ ಮಗು ಅನ್ಕೊಂಡ್ವಿ."

ಕುಡಿಯದೆಯೇ ಬಟ್ಟಲನ್ನು ಕೆಳಗಿಟ್ಟೆ.

ಎಜೆ ಎಂದರೆ ಅಕ್ಕ. ದಾರಿಯಲ್ಲಿ ಹೋಗುವ ಯಾವ ಹೆಂಗಸಿಗಾದರೂ ಎಜೆ ಎನ್ನುತ್ತೇವೆ. ಹಾಗೆ ಎಲ್ಲರನ್ನೂ ಎಜೆ ಎಂದು ಕರೆಯುವ ನಮಗೆ, ಒಂದು ಮಗು ನಿಜವಾಗಿಯೂ ಅಕ್ಕನನ್ನು ಕರೆದಾಗ ತಿಳಿಯಲಿಲ್ಲ.

ಹೆಸರುಗಳೂ ಬಾಯಿಬಿಟ್ಟು ಹೇಳುತ್ತಿದ್ದವು. ಬುರುಲ್ ಎಂದರೆ 'ತಿರುಗು'. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿ ಸಾಕಾದ ಮನೆಯವರು, ಇನ್ನಾದರೂ ದಾರಿ ತಿರುಗಲಿ, ಮುಂದಿನದು ಗಂಡಾಗಲಿ ಎಂದು ಮಗಳಿಗೆ ಇಡುವ ಹೆಸರು. ಬೀದಿಯಲ್ಲಿ ಸಿಕ್ಕ ಮಗುವಿಗೆ ಆ ಹೆಸರನ್ನು ಯಾರೂ ಇಡುವುದಿಲ್ಲ. ಬುರುಲ್ ಇದ್ದಲ್ಲಿ ಅವಳಿಗಿಂತ ಮುಂಚೆ ಹುಟ್ಟಿದ ಅಕ್ಕ ಇರಲೇಬೇಕು. ಜಾಂಗಿಲ್ ಎಂದರೆ 'ತಪ್ಪಾಗು'. ಅದೂ ಅಂಥ ಮನೆಯದೇ ಹೆಸರು. ಎಂಟನೆಯ ಸಾಲು ಜಾಂಗಿಲ್, ಒಂಬತ್ತನೆಯ ಸಾಲು ಬುರುಲ್. ಒಂದು ಮನೆಯ ಎರಡು ನಿಟ್ಟುಸಿರು ಒಂದರ ಕೆಳಗೊಂದು ಬರೆಯಲ್ಪಟ್ಟಿದ್ದವು.

"ಅದು ಬಂದಿದ್ದು ಯಾವಾಗ?"

"ಹದಿನಾರು ವರ್ಷ ಆಯ್ತು. ಅಕ್ಟೋಬರ್. ನಮ್ಮ ಬಾಯ್ಲರ್ ಕೆಟ್ಟ ವರ್ಷ. ದೊಡ್ಡ ಮಕ್ಕಳ ಕಟ್ಟಡ ಬೇರೆ ಇತ್ತು, ಅಲ್ಲಿಗೆ ಯಾರು ಬಂದ್ರೋ ನಂಗೊತ್ತಿಲ್ಲ."

ಆ ಅಕ್ಟೋಬರ್ ನನ್ನ ನೆನಪಿನಲ್ಲಿ ಖಾಲಿ. ನನ್ನ ಯಜಮಾನರು ಅಸಾನ್‌ಬೆಕ್ ಆಸ್ಪತ್ರೆಯಲ್ಲಿದ್ದರು, ತಿಂಗಳು ಮುಗಿಯುವ ಮೊದಲು ತೀರಿಕೊಂಡರು. ಎಲ್ಲವನ್ನೂ ನೆನಪಿಡುತ್ತಾಳೆ ಎಂದು ಊರು ನನ್ನನ್ನು ಹೊಗಳುತ್ತದೆ. ಆ ತಿಂಗಳನ್ನು ಕೇಳಿದರೆ ಆಸ್ಪತ್ರೆಯ ಹಸಿರು ಗೋಡೆ ಬಿಟ್ಟರೆ ನನಗೇನೂ ಕಾಣುವುದಿಲ್ಲ.

ಬಾಗಿಲ ಬಳಿ ಹೋಗಿ ತಿರುಗಿದೆ. "ಮಂಗಳವಾರ ಅನಾರ್‌ಕುಲ್ ಎಲ್ಲಿದ್ಲು?"

"ಇಲ್ಲೇ, ನನ್ನ ಜೀವ ತಿನ್ಕೊಂಡು. ಬೂರ್ಸೋಕ್ ಕರಿಯೋಕೆ ಹೋಗಿ ಕೈ ಸುಟ್ಕೊಂಡಿದ್ಲಲ್ಲ. ಇಡೀ ದಿನ ಮುಲಾಮು ಹಚ್ಕೊಂಡು ಆ ಸ್ಟೂಲ್ ಮೇಲೆ ಕೂತಿದ್ಲು."

ಅಂದರೆ ಅನಾರ್‌ಕುಲ್ ಹೆಸರಿನಲ್ಲಿ ಕಿಟಕಿಯ ಕಡೆ ಕೂತವರು ಬೇರೆ. ಮಕ್ಕಳ ಗುಪ್ತಪದಗಳೆಲ್ಲ ಗೊತ್ತಿರುವವರು. ಇಬ್ಬರ ಟೈಪಿಂಗ್ ಹೊಂದದಿದ್ದಾಗ ಇಡೀ ಪುಟ ತೆರೆದು ನೋಡುವ ಹಕ್ಕಿರುವವರು. ಅಂಥವರು ಈ ಕಂಪನಿಯಲ್ಲಿ ಒಬ್ಬರೇ ಇದ್ದರು. ರೈಸಾ ಹಿಂದಿನಿಂದ, "ಬಟ್ಟಲಲ್ಲಿ ಚಹಾ ಹಾಗೇ ಇದೆ!" ಎಂದು ಕೂಗಿದಳು. ನಾನು ನಿಲ್ಲಲಿಲ್ಲ.

ಟೈಪಿಂಗ್ ಕೋಣೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಊಟಕ್ಕೆ ಹೋಗಿದ್ದರು. ಕಿಟಕಿಯ ಕಡೆಯ ಕುರ್ಚಿಯಲ್ಲಿ ಒಬ್ಬಳೇ ಜಾನ್ನಾ, ಬಾಗಿಲಿಗೆ ಬೆನ್ನು ಹಾಕಿ ಟೈಪ್ ಮಾಡುತ್ತಿದ್ದಳು. ಇಪ್ಪತ್ಮೂರು ವರ್ಷ. ಕಂಪನಿಯ ಮೊದಲ ತಂಡದ ಹುಡುಗಿ, ಈಗ ಉಳಿದವರಿಗೆಲ್ಲ ಗುರು. ಬಾಗಿಲಲ್ಲಿ ತೂಗುಹಾಕಿರುವ ದೊಡ್ಡ ಚಿತ್ರದಲ್ಲಿ ನಗುತ್ತಿರುವವಳು ಅವಳೇ. ಅವಳ ಹೆಬ್ಬೆರಳಿನಲ್ಲಿ ಅಗಲವಾದ ಬೆಳ್ಳಿಯುಂಗುರ. ಅದು ಗುಂಡಿಗಳಿಗೆ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು. ಗಾಳಿಯಿಲ್ಲದ ದಿನ ಬೆನ್ನ ಹಿಂದೆ ಕೂತವರಿಗೆ ಇದು ಕೇಳಿಸದೆ ಇರುವುದು ಸಾಧ್ಯವಿಲ್ಲ.

"ಜಾಂಗಿಲ್," ಎಂದು ಮೆಲ್ಲಗೆ ಕರೆದೆ.

ಅವಳು ತಿರುಗಲಿಲ್ಲ. ಉಂಗುರದ ಸದ್ದು ನಿಂತಿತು.

"ಯಾರನ್ನ ಕರೀತಿದ್ದೀರ ಎಜೆ?"

"ಕೀಬೋರ್ಡಿನ ಮೇಲೆ ಕೈ ನಿಲ್ಲಿಸಿದೋಳನ್ನ."

ಆಗ ತಿರುಗಿದಳು. ಮುಖದ ಬಣ್ಣವೇನೂ ಇಳಿದಿರಲಿಲ್ಲ. ಪರೀಕ್ಷೆಯ ಪತ್ರಿಕೆ ತಡವಾಗಿ ತಂದ ವಿದ್ಯಾರ್ಥಿಯನ್ನು ನೋಡುವಂತೆ ನನ್ನನ್ನು ನೋಡಿದಳು. "ಮೂರು ದಿನ ಹಿಡೀತು ನಿಮಗೆ."

"ಅನಾರ್‌ಕುಲ್ ಬದಲು ಕೂತೆ. ನಿನ್ನ ಹೆಸರಿನ ಚೌಕ ಬಂತು. ಕಂಡ ಹಾಗೆ ಹಾಕೋದು ಬಿಟ್ಟು ಅಭ್ಯಾಸದ ಮೇಲೆ ಬಾಲ ಹಾಕ್ದೆ. ಬುರುಲ್ ಬಾಲ ಹಾಕ್ಲಿಲ್ಲ. ಎರಡೂ ಹೊಂದ್ಲಿಲ್ಲ, ಅದನ್ನ ಪರೀಕ್ಷೆ ಮಾಡೋಕೆ ನೀನೇ ಪುಟ ತೆಗ್ದೆ. ಪೂರ್ತಿ ಓದ್ದೆ. ಬುರುಲ್ ತೆರೆದಿಟ್ಟಿದ್ದ ಕಪಾಟಿಂದ ಪುಸ್ತಕ ತೆಗೆದು ಹಾಳೆ ಹರ್ಕೊಂಡೆ."

"ಎಷ್ಟು ವರ್ಷ ಆಗಿತ್ತು ಎಜೆ ಆ ಹೆಸರು ಬರೆದು. ಜನ ಜಾನ್ನಾ ಅಂತಾರೆ, ನಾನೂ ಅನ್ಕೋತೀನಿ. ತಪ್ಪು ಅಂತ ಹೆಸರಿಟ್ಕೊಂಡು ಯಾರು ಓಡಾಡ್ತಾರೆ? ಆದ್ರೆ ಬೆರಳು ಮರೆತಿರ್ಲಿಲ್ಲ, ನೋಡಿ. ನಾನು ಮೊದ್ಲು ಬರೆಯೋಕೆ ಕಲ್ತಿದ್ದೇ ಅದು."

"ಬುರುಲ್ ನಿನ್ನ ತಂಗಿ."

"ನಾಲ್ಕು ತಿಂಗಳಿಂದ ಗೊತ್ತು. ಚೀಲ ಹಿಡ್ಕೊಂಡು ಗೇಟ್ ಹತ್ರ ನಿಂತಿದ್ಲಲ್ಲ, ಅವತ್ತಿಂದ. ಹೆಸರು, ವಯಸ್ಸು, ಆ ಮುಖ, ಮೂರೂ ಹೊಂದಿದ್ವು." ಅವಳು ಉಂಗುರವನ್ನು ತಿರುಗಿಸತೊಡಗಿದಳು. "ಅನಾಥಾಲಯಕ್ಕೆ ಸೇರಿ ಒಂದು ತಿಂಗಳಿಗೆ ನನ್ನನ್ನ ಸಾಕೋಕೆ ಬಿಷ್ಕೆಕ್‌ನೋರು ಬಂದ್ರು. ಒಬ್ಬಳೇ ಬೇಕು ಅಂದ್ರು. ಒಡಹುಟ್ಟಿದೋರು ಇದ್ದಾರಾ ಅಂತ ಕೇಳಿದ್ರು. ಇಲ್ಲ ಅಂದೆ. ಏಳು ವರ್ಷ ನಂಗೆ. ಇಲ್ಲ ಅಂತ ನನ್ನ ಬಾಯಾರೆ ಅಂದೆ. ಎರಡು ವರ್ಷಕ್ಕೆ ಅವರಿಗೇ ಮಗು ಆಯ್ತು, ವಾಪಸ್ ತಂದು ಬಿಟ್ರು. ಆಗ ಬುರುಲ್‌ನ ಬೇರೆ ಊರಿಗೆ ಕಳಿಸಿಬಿಟ್ಟಿದ್ರು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಇಬ್ಬರೂ ಈ ಕೋಣೆಯಲ್ಲಿ ನಾಲ್ಕು ತಿಂಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು, ಒಬ್ಬಳಿಗೆ ಗೊತ್ತಿತ್ತು, ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ಯಾವ ಒಂಟಿತನ ದೊಡ್ಡದು ಎಂದು ನನಗೆ ಹೇಳಲಾಗದು.

"ಅದಕ್ಕೇ ಹರಿದ್ಯಾ? ಅವಳಿಗೆ ಗೊತ್ತಾಗ್ಬಾರ್ದು ಅಂತ? ಆ ಹುಡುಗಿ ಕೋಟ್ ಹಾಕ್ಕೊಂಡು ಬೆಂಚ್ ಮೇಲೆ ಕೂತಿದ್ದಾಳೆ ಜಾನ್ನಾ. ಮೂರು ಗಂಟೆಗೆ ಅವಳನ್ನ ಬೀದಿಗೆ ಹಾಕ್ತಾರೆ."

"ಹಾಕಲ್ಲ. ಮೂರು ಗಂಟೆಗೆ ನಾನೇ ಒಪ್ಕೋತೀನಿ. ಮೊದಲ ದಿನದಿಂದ ಅದೇ ಅನ್ಕೊಂಡಿದ್ದೆ." ಅವಳು ಮೇಜಿನ ಖಾನೆ ಎಳೆದಳು. "ಅದಕ್ಕೆ ಮೊದ್ಲು ನಂಗೊಂದು ವಿಷಯ ಗೊತ್ತಾಗ್ಬೇಕಿತ್ತು. ಅದಕ್ಕೇ ನಿಮ್ಮನ್ನ ಕರೆಸಿದ್ದು."

"ನನ್ನನ್ನಾ?"

"ನಿಮ್ಮ ನೆನಪಿನ ಶಕ್ತಿ ಚೆನ್ನಾಗಿದೆ ಅಂತಾರಲ್ಲ. ಮೂರು ದಿನ ನಿಮ್ಮ ಮುಖಾನೇ ನೋಡಿದೆ. ನನ್ನ ನೋಡಿದ್ರಿ, ಅವಳನ್ನ ನೋಡಿದ್ರಿ. ಏನೂ ನೆನಪಾಗ್ಲಿಲ್ಲ ನಿಮಗೆ."

ಹಳದಿಗೆ ತಿರುಗಿದ ಒಂದು ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಒಂದು ಅಂಚು ಹರಿದಿತ್ತು. ನಾನು ಕನ್ನಡಕ ಹಾಕಿಕೊಂಡೆ.

ಎಂಟನೆಯ ಸಾಲು, ಜಾನಿಲ್, ಏಳು ವರ್ಷ. ಒಂಬತ್ತನೆಯ ಸಾಲು, ಬುರುಲ್, ಮೂರು ವರ್ಷ. ಎಲ್ಲಿಂದ: ರೈಲ್ವೆ ಸ್ಟೇಷನ್. ಕೊನೆಯ ಎರಡು ಚೌಕಗಳನ್ನು ಓದುವ ಮೊದಲೇ ನನಗೆ ಅಕ್ಷರದ ಗುರುತು ಹತ್ತಿತು. ಮುಂದಕ್ಕೆ ಬಾಗಿದ, ಅವಸರದ, ಬಾಲ ಎಳೆಯಲು ಪುರುಸೊತ್ತಿಲ್ಲದ ಕೈ. ಈ ಕೈಬರಹದಲ್ಲಿ ನಾನು ಮೂವತ್ತು ವರ್ಷ ವರದಿ ಬರೆದಿದ್ದೆ.

'ಷರಾ: ತಾಯಿ ನಾಳೆ ಬಂದು ಕರೆದೊಯ್ಯುತ್ತಾಳೆ. ಒಪ್ಪಿಸಿದವರು: ಕ್ಯಾಪ್ಟನ್ ಜೂರಾಕನ್.'

ಸೋಮಾರಿ ಗುಮಾಸ್ತ ನಾನೇ. ಆ ವರ್ಷ ಮೇಲಧಿಕಾರಿಗೆ ಎದುರು ಮಾತಾಡಿದ್ದಕ್ಕೆ ನನ್ನನ್ನು ಮೂರು ತಿಂಗಳು ರೈಲ್ವೆ ಸ್ಟೇಷನ್ ಕಾವಲಿಗೆ ಹಾಕಿದ್ದರು. ಮಕ್ಕಳನ್ನು ಅನಾಥಾಲಯಕ್ಕೆ ತಂದು, ಪುಸ್ತಕದಲ್ಲಿ ನಾನೇ ಎರಡು ಹೆಸರನ್ನು ಒಂದರ ಕೆಳಗೊಂದು ಬರೆದು, ಅಕ್ಕತಂಗಿ ಎಂಬ ಒಂದು ಮಾತನ್ನು ಬರೆಯದೆ, ಸಹಿ ಹಾಕಿ ಆಸ್ಪತ್ರೆಗೆ ಓಡಿರಬೇಕು. ಮುಂದೆ ಯಾರೋ ಫೈಲಿಗೆ ಎತ್ತಿ ಬರೆಯುವಾಗ ಷರಾ ಕೂಡ ಬಿಟ್ಟುಹೋಗಿ, ಬುರುಲ್ ಬೆಂಚಿನಲ್ಲಿ ಸಿಕ್ಕ ಮಗುವಾದಳು.

"ನಮ್ಮನ್ನ ಬಿಸಾಕಿ ಹೋದ್ಲು ಅನ್ಕೊಂಡು ಹದಿನಾರು ವರ್ಷ ಬದುಕಿದೀನಿ," ಎಂದಳು ಜಾನ್ನಾ. "ನಾಳೆ ಬರ್ತೀನಿ ಅಂತ ಹೇಳಿ ಹೋಗಿದ್ಲು ಅಂತ ಮಂಗಳವಾರ ಗೊತ್ತಾಯ್ತು. ಬರ್ಲಿಲ್ಲ ಅಂತಾದ್ರೆ ಬುರುಲ್‌ಗೆ ಹೇಳೋದೇ ಬೇಡ. ಆ ನೋವು ನಂಗೊಬ್ಬಳಿಗೇ ಸಾಕು. ಹೇಳಿ ಎಜೆ. ಬಂದ್ಲಾ?"

ಬಾಗಿಲು ಕಿರುಗುಟ್ಟಿತು.

ಬುರುಲ್ ನಿಂತಿದ್ದಳು, ಅದೇ ಕೋಟಿನಲ್ಲಿ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತಾಲಾಯ್ ಟೈಪ್ ಮಾಡಿದ ಕಾಗದ. ಅದನ್ನು ತೋರಿಸಬೇಡ ಎಂದಿದ್ದೆ. ಮೂರು ಗಂಟೆ ಹತ್ತಿರವಾದಂತೆ ಅವನ ಧೈರ್ಯ ಕರಗಿರಬೇಕು. ಕಾಗದದ ಕೆಳಗಿನ ಖಾಲಿ ಜಾಗ ಈಗ ಖಾಲಿ ಇರಲಿಲ್ಲ.

"ಸಹಿ ಹಾಕ್ದೆ ಎಜೆ. ಇಲಾಖೆಯವರ ಕಾರು ಬಂದಿದೆ. ಹೋಗೋಕೆ ಮುಂಚೆ ಹೇಳಿ ಹೋಗೋಣ ಅಂತ ಬಂದೆ."

"ಯಾಕೆ ಹಾಕ್ದೆ?" ಜಾನ್ನಾ ಎದ್ದು ನಿಂತಳು. "ನೀನು ಹರೀಲಿಲ್ಲವಲ್ಲ!"

ಬುರುಲ್ ನೆಲ ನೋಡಿದಳು. "ಮಂಗಳವಾರ ಗಾಳಿ ಇರ್ಲಿಲ್ಲ. ನಿಮ್ಮ ಉಂಗುರದ ಸದ್ದು ನಂಗೆ ಗೊತ್ತು ಜಾನ್ನಾ ಎಜೆ. ಯಾಕೆ ಹರಿದ್ರೋ ಗೊತ್ತಿಲ್ಲ, ಕೇಳಲ್ಲ. ನೀವು ಹೋದ್ರೆ ಇಲ್ಲಿ ಹದಿನೇಳು ಜನಕ್ಕೆ ಕಲಿಸೋರಿಲ್ಲ. ನಾನು ಹೋದ್ರೆ ಏನು, ನನ್ನ ಹಿಂದೆ ಯಾರೂ ಇಲ್ಲ."

ಜಾನ್ನಾ ಕೈಯನ್ನು ಮೇಜಿನ ಮೇಲಿನ ಹಾಳೆಯ ಕಡೆ ಚಾಚಿದಳು, ಮುಚ್ಚಲೋ ತೋರಿಸಲೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬುರುಲ್‌ನ ಕಣ್ಣು ಅದರ ಮೇಲೆ ಬಿದ್ದಿತ್ತು.

ಅವಳು ಚೀಲ ಕೆಳಗಿಟ್ಟು ಹತ್ತಿರ ಬಂದಳು. ಕಲಿಸಿದ್ದಂತೆಯೇ ಒಂದೊಂದೇ ಚೌಕ ಗಟ್ಟಿಯಾಗಿ ಓದಿದಳು. ಜಾನಿಲ್. ಏಳು. ಬುರುಲ್. ಮೂರು. ರೈಲ್ವೆ ಸ್ಟೇಷನ್. ಷರಾದ ಚೌಕಕ್ಕೆ ಬಂದಾಗ ದನಿ ಸಣ್ಣದಾಯಿತು. ಮತ್ತೆ ಮೇಲಿನಿಂದ ಶುರುಮಾಡಿ, ಈ ಸಲ ಬಾಯಿಬಿಡದೆ, ಎರಡೂ ಸಾಲನ್ನು ಪೂರ್ತಿ ಓದಿದಳು. ಆಮೇಲೆ ಜಾನ್ನಾಳ ಹೆಬ್ಬೆರಳನ್ನೂ ಅವಳ ಮುಖವನ್ನೂ ತುಂಬ ಹೊತ್ತು ನೋಡಿದಳು.

"ಎಜೆ," ಎಂದಳು.

ಯಾರನ್ನು ಕರೆದಳೋ, ನಾವಿಬ್ಬರೂ ತಲೆಯೆತ್ತಿದೆವು. ಅವಳು ಹಾಳೆಯ ಕೊನೆಯ ಹೆಸರಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು.

"ಅಮ್ಮ ಬಂದ್ಲಾ ಎಜೆ?"

ಹದಿನಾರು ವರ್ಷ ಖಾಲಿಯಿದ್ದ ಆ ತಿಂಗಳು ಅಷ್ಟು ಹೊತ್ತಿಗೆ ನನ್ನೊಳಗೆ ಬಂದು ನಿಂತಿತ್ತು. ಸ್ಟೇಷನ್ನಿನ ಬಾಗಿಲು. ಬೆಳಗಿನ ಮೊದಲ ರೈಲು. ತಲೆಗೆ ಬೂದು ಬಣ್ಣದ ಶಾಲು ಸುತ್ತಿಕೊಂಡ ಹೆಂಗಸು. ಅವಳ ಕೈಯಲ್ಲಿ ದಾರದಿಂದ ಕಟ್ಟಿದ ಎರಡು ಜೊತೆ ಹೊಸ ಉಣ್ಣೆ ಬೂಟು, ಒಂದು ದೊಡ್ಡದು, ಒಂದು ತೀರ ಚಿಕ್ಕದು. ನನ್ನ ಮೇಜಿನ ಮೇಲೆ ಆಸ್ಪತ್ರೆಯಿಂದ ಫೋನು ಬಡಿದುಕೊಳ್ಳುತ್ತಿತ್ತು, ಅವಳ ಮಾತು ಕೇಳಲು ನನಗೆ ಪುರುಸೊತ್ತಿರಲಿಲ್ಲ.

ಕಂಡದ್ದನ್ನು ಬರೆ ಎಂದು ಎಲ್ಲರಿಗೂ ಕಲಿಸಿದವಳು, ಆ ಬೆಳಿಗ್ಗೆ ಕಂಡದ್ದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ.

"ಬಂದಿದ್ಲು," ಎಂದೆ. "ಅವಳನ್ನ ವಾಪಸ್ ಕಳಿಸಿದೋಳು ನಾನು."